ಸಿನಿಮಾ ಮುಂದೆ, ಮುಂಬಯಿ ಹಿಂದೆ

ಗುರುವಾರ

ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿದು ದಾದರಿನಲ್ಲಿ ಇಳಿದೆವು. ನಾನು ಮತ್ತು ನನ್ನ ಚಿಕ್ಕಪ್ಪ. ಚಿಕ್ಕಪ್ಪ ಹುಡುಗನಾಗಿದ್ದಾಗ ಕುಂದಾಪುರದ ಕಡೆಯಿಂದ ಬಂದವರು. ಹಗಲು ದಕ್ಷಿಣ ಮುಂಬಯಿಯ ಫೋರ್ಟ್ ಪ್ರದೇಶದ ಒಂದು ಉಡುಪಿ ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ಶಾಲೆಯಲ್ಲಿ ಓದು. ಈಗ ನಿವೃತ್ತರು. ಮುಂಬಯಿಯ ಹಳೇ ಟಾಕೀಸು, ಸ್ಟುಡಿಯೋ ಎಲ್ಲ ಸುತ್ತಬೇಕು ಅಂದಾಗ ಅವರಿಗೆ ನನಗಿಂತ ಜಾಸ್ತಿ ಉತ್ಸಾಹ ಬಂದಿತ್ತು. ನನಗೆ ನೋಡಬೇಕಿದ್ದದ್ದು ಬರೀ ಕಟ್ಟಡಗಳಲ್ಲ. ಸಿನಿಮಾ ಈ ಊರಿಗೆ ಏನು ಮಾಡಿತು? ತೆರೆಯ ಮೇಲಿನ ಊರಿಗೂ, ನೆಲದ ಮೇಲಿನ ಊರಿಗೂ?

ದಾದರ್ ಪೂರ್ವದಲ್ಲಿ, ಸ್ಟೇಷನ್ನಿಗೆ ಹತ್ತಿರದಲ್ಲೇ ದಾದಾಸಾಹೇಬ್ ಫಾಲ್ಕೆ ರಸ್ತೆ. 1912ರಲ್ಲಿ ಫಾಲ್ಕೆ ಇಲ್ಲಿ ಒಂದು ಬಂಗಲೆಯಲ್ಲಿ ಇದ್ದುಕೊಂಡು ಭಾರತದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರ 'ರಾಜಾ ಹರಿಶ್ಚಂದ್ರ' ತೆಗೆದರು. ಹೆಂಡತಿ ಸರಸ್ವತಿಬಾಯಿ ತಂಡಕ್ಕೆಲ್ಲ ಅಡುಗೆ ಮಾಡುತ್ತಿದ್ದರು. ಫಿಲ್ಮಿಗೆ ತೂತು ಹೊಡೆಯುವುದು, ತೊಳೆಯುವುದೂ ಅವರ ಕೈಯಲ್ಲೇ ನಡೆಯುತ್ತಿತ್ತು. ತಾರಾಮತಿಯ ಪಾತ್ರಕ್ಕೆ ಹೆಂಗಸರು ಯಾರೂ ಸಿಗಲಿಲ್ಲ. ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಕೆಲಸ ಮಾಡುತ್ತಿದ್ದ ಸಾಳುಂಕೆ ಎಂಬ ಯುವಕ ಸೀರೆ ಉಟ್ಟು ರಾಣಿಯಾದ. "ಹೋಟೆಲ್ ಹುಡುಗ!" ಅಂತ ಚಿಕ್ಕಪ್ಪ ರಸ್ತೆಯಲ್ಲೇ ನಿಂತುಬಿಟ್ಟರು. ಈ ವಿಷಯ ಅವರಿಗೆ ಗೊತ್ತಿರಲಿಲ್ಲ. ದಿನವಿಡೀ ಸಿಕ್ಕಿದವರಿಗೆಲ್ಲ ಅದನ್ನೇ ಹೇಳಿದರು.

ಮುಂದೆ 1929ರಲ್ಲಿ ಶುರುವಾದ ರಂಜಿತ್ ಸ್ಟುಡಿಯೋ ಕೂಡ ಇದೇ ದಾದರಿನದು. ಆಗ ದಾದರ್ ಅಂದರೆ ಊರಿನ ಹೊರವಲಯ. ಇದನ್ನು ಗುರುತಿಟ್ಟುಕೊಳ್ಳಿ, ಶನಿವಾರ ಮತ್ತೆ ಬೇಕಾಗುತ್ತದೆ.

ಅಲ್ಲಿಂದ ಸಿಎಸ್‌ಎಂಟಿ, ಹಿಂದೆ ವಿ.ಟಿ. ಅನ್ನುತ್ತಿದ್ದ ದೊಡ್ಡ ರೈಲು ನಿಲ್ದಾಣ. ಹಿಂದಿ ಸಿನಿಮಾದಲ್ಲಿ ಹಳ್ಳಿಯ ಹುಡುಗ ಮುಂಬಯಿಗೆ ಬಂದ ಅಂತ ತೋರಿಸಲು ಈ ಸ್ಟೇಷನ್ನಿನ ಒಂದು ಶಾಟ್ ಸಾಕು. ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಹೊರಗೆ ಬಂದು ಫೋರ್ಟಿನ ಒಳಗೆ ನಡೆದು ಕಾಲಾ ಘೋಡಾ ತಲುಪಿದೆವು. ಅಲ್ಲಿ ಎಸ್ಪ್ಲನೇಡ್ ಮ್ಯಾನ್ಷನ್ ಇದೆ, ಹಿಂದಿನ ವಾಟ್ಸನ್ಸ್ ಹೋಟೆಲ್. ಇಂಗ್ಲೆಂಡಿನಲ್ಲಿ ಎರಕ ಹೊಯ್ದ ಕಬ್ಬಿಣದ ಭಾಗಗಳನ್ನು ಹಡಗಿನಲ್ಲಿ ತಂದು 1860ರ ದಶಕದಲ್ಲಿ ಜೋಡಿಸಿದ ಕಟ್ಟಡ. 1896ರ ಜುಲೈ 7ರಂದು ಫ್ರಾನ್ಸಿನ ಲೂಮಿಯೇರ್ ಸಹೋದರರ ಚಿಕ್ಕ ಚಿಕ್ಕ ಚಿತ್ರಗಳನ್ನು ಭಾರತದಲ್ಲಿ ಮೊದಲು ತೋರಿಸಿದ್ದು ಇಲ್ಲೇ. ಟಿಕೆಟ್ ಒಂದು ರೂಪಾಯಿ. ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನ ಆಗಿ ಆರೇ ತಿಂಗಳಿಗೆ ಮುಂಬಯಿ ಸಿನಿಮಾ ನೋಡಿತು. ಬಂದರು ಇದ್ದ ಊರು, ಹಡಗಿನ ಜೊತೆ ಹೊಸದೆಲ್ಲ ಬೇಗ ಬರುತ್ತಿತ್ತು.

ಈಗ ಆ ಕಟ್ಟಡ ಬಹಳ ಸೋತಿದೆ. 2019ರಲ್ಲಿ ಅಪಾಯಕಾರಿ ಅಂತ ಒಳಗಿದ್ದವರನ್ನು ಖಾಲಿ ಮಾಡಿಸಿದರು. ನಾವು ಹೊರಗಿನಿಂದಲೇ ನೋಡಿದೆವು. ಒಂದು ದೇಶದ ಸಿನಿಮಾ ಹುಟ್ಟಿದ ಜಾಗ ಇದು. ಇಲ್ಲಿಗೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಬರುವಂತಿರಬೇಕಿತ್ತು. ನನಗೆ ನಿಜಕ್ಕೂ ಸಂಕಟವಾಯಿತು.

ಸಂಜೆ ರೀಗಲ್ ಟಾಕೀಸು, ಆಮೇಲೆ ಈರೋಸ್ ಟಾಕೀಸು. ರೀಗಲ್ 1933ರದು. ಹವಾನಿಯಂತ್ರಣ, ನೆಲದಡಿ ಕಾರ್ ನಿಲ್ಲಿಸಲು ಜಾಗ, ಎಲ್ಲ ಆಗಲೇ ಇತ್ತು. ಚರ್ಚ್‌ಗೇಟ್ ಎದುರಿನ ಈರೋಸ್ 1938ರದು. ಸಮುದ್ರವನ್ನು ತುಂಬಿ ಪಡೆದ ಹೊಸ ನೆಲದ ಮೇಲೆ ಆ ಕಾಲದಲ್ಲಿ ಒಂದು ಹೊಸ ಮುಂಬಯಿ ಎದ್ದಿತು. ದುಂಡು ಮೂಲೆಯ ಬಾಲ್ಕನಿ, ಉದ್ದುದ್ದ ಗೆರೆ, ಹಡಗಿನಂಥ ಕಿಟಕಿ. ಆರ್ಟ್ ಡೆಕೋ ಶೈಲಿ. ಓವಲ್ ಮೈದಾನದ ಒಂದು ಬದಿಗೆ ಇವು, ಇನ್ನೊಂದು ಬದಿಗೆ ಬ್ರಿಟಿಷರ ಗೋಥಿಕ್ ಕಟ್ಟಡಗಳು. 2018ರಲ್ಲಿ ಯುನೆಸ್ಕೋ ಎರಡನ್ನೂ ಸೇರಿಸಿ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು. ಈ ಶೈಲಿಯನ್ನು ಸಾಮಾನ್ಯ ಜನ ಒಳಗೆ ಹೋಗಿ ಅನುಭವಿಸಿದ್ದು ಟಾಕೀಸಿನಲ್ಲಿ. ಮರೀನ್ ಡ್ರೈವಿನ ಫ್ಲಾಟಿಗೆ ಯಾರು ಒಳಗೆ ಬಿಡುತ್ತಾರೆ? ಟಾಕೀಸಿಗೆ ಟಿಕೆಟ್ ಇದ್ದರೆ ಸಾಕು.

ದೀಪ ಹತ್ತುವ ಹೊತ್ತಿಗೆ ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕೂತೆವು. ಇಲ್ಲಿ ನಮ್ಮವರಿಬ್ಬರನ್ನು ನೆನೆಯಬೇಕು. ನಟ, ನಿರ್ದೇಶಕ ಗುರುದತ್ ಹುಟ್ಟಿದ್ದು 1925ರಲ್ಲಿ ಬೆಂಗಳೂರಿನಲ್ಲಿ. ಅವರ ಛಾಯಾಗ್ರಾಹಕ ವಿ.ಕೆ. ಮೂರ್ತಿ ಮೈಸೂರಿನವರು. ಗುರುದತ್ ನಿರ್ಮಿಸಿ ಮೂರ್ತಿ ಚಿತ್ರೀಕರಿಸಿದ 1956ರ 'ಸಿಐಡಿ'ಯಲ್ಲಿ ಮುಂಬಯಿಯನ್ನೇ ಬೈದು, ಮುಂಬಯಿಯನ್ನೇ ಮುದ್ದಿಸುವ ಹಾಡಿದೆ. ಅದರಲ್ಲಿ ಈ ದಂಡೆ ಕಾಣುತ್ತದೆ. ಆ ಕಾಲದಲ್ಲಿ ಬೀದಿಯನ್ನೂ ಹೆಚ್ಚಾಗಿ ಸ್ಟುಡಿಯೋದಲ್ಲೇ ಕಟ್ಟುತ್ತಿದ್ದರು. ಇವರು ಕ್ಯಾಮೆರಾವನ್ನು ಹೊರಗೆ ತಂದರು. ಮೂರ್ತಿಯವರಿಗೆ 2008ರ ಫಾಲ್ಕೆ ಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ದೇಶಕ್ಕೆ ಮುಂಬಯಿ ಹೀಗಿದೆ ಅಂತ ತೋರಿಸಿದ ಕಣ್ಣುಗಳಲ್ಲಿ ಒಂದು ಮೈಸೂರಿನದು ಅಂದರೆ ಹೆಮ್ಮೆ ಆಗುವುದಿಲ್ಲವೇ?

ಚಿಕ್ಕಪ್ಪ ಸುಮ್ಮನೆ ಸಮುದ್ರ ನೋಡುತ್ತಿದ್ದರು. ನೀವು ಈ ಊರಿಗೆ ಬಂದದ್ದು ಯಾಕೆ, ಸಿನಿಮಾ ನೋಡಿಯಾ ಅಂತ ಕೇಳಿದೆ.

"ಬಂದದ್ದು ಹಸಿವೆಗೆ ಮಾರಾಯ್ತಿ," ಅಂದರು. "ಆದರೆ ಬೆಂಗಳೂರಿಗೆ ಹೋಗದೆ ಇಲ್ಲಿಗೇ ಬಂದದ್ದು ಸಿನಿಮಾಕ್ಕೆ. ಟೆಂಟಿನಲ್ಲಿ ಈ ದೀಪದ ಸಾಲು ಕಂಡಿದ್ದೆ. ಬಂದ ಮೇಲೆ ಎಷ್ಟೋ ತಿಂಗಳು ಸಮುದ್ರ ಕಾಣಲೇ ಇಲ್ಲ. ಕಂಡದ್ದು ಹೋಟೆಲಿನ ಹಿಂಬಾಗಿಲು, ಪಾತ್ರೆ ತೊಳೆಯುವ ಜಾಗ. ಒಂದು ದಿನ ರಜೆ ಸಿಕ್ಕಿತು, ನಡೆದುಕೊಂಡು ಇಲ್ಲಿಗೆ ಬಂದೆ. ಸಿನಿಮಾದಲ್ಲಿ ಇದ್ದ ಹಾಗೇ ಇತ್ತು! ಅವರು ಸುಳ್ಳು ಹೇಳಿರಲಿಲ್ಲ ಅಂತ ಸಮಾಧಾನ ಆಯಿತು."

ಸಿನಿಮಾ ಮುಂಬಯಿಯನ್ನು ಬೆಳೆಸಿದ ಬಗೆ ಇದರಲ್ಲೇ ಇದೆ ಅಂತ ನನಗೆ ಅನ್ನಿಸಿತು. ಕೆಲಸ ಕೊಟ್ಟದ್ದು ಬಟ್ಟೆ ಗಿರಣಿ, ಬಂದರು, ಹೋಟೆಲು. ಆದರೆ ಯಾವ ಊರಿನ ರೈಲು ಹತ್ತಬೇಕು ಅಂತ ಹೇಳಿದ್ದು ಎಷ್ಟೋ ಜನರಿಗೆ ಸಿನಿಮಾ. 1955ರ 'ಶ್ರೀ 420'ರಲ್ಲಿ ರಾಜ್ ಕಪೂರ್ ಬರಿಗೈಯಲ್ಲಿ ನಡೆದು ಮುಂಬಯಿಗೆ ಬರುತ್ತಾನೆ. ಊರು ಅವನಿಗೆ ಮೋಸ ಮಾಡುತ್ತದೆ. ಆದರೂ ನೋಡಿದವರಿಗೆ ಮನಸ್ಸಿನಲ್ಲಿ ಉಳಿಯುವುದು ಮೋಸಕ್ಕಿಂತ ಜಾಸ್ತಿ ಫುಟ್‌ಪಾತಿನ ಜನರ ಅಕ್ಕರೆ. ಮುಂಬಯಿ ಕೆಟ್ಟದ್ದು ಅಂತ ಹೇಳುವ ಚಿತ್ರವೂ ಜನರನ್ನು ಮುಂಬಯಿಗೇ ಕರೆಯಿತು.

ಶುಕ್ರವಾರ

ಶುಕ್ರವಾರ ಅಂದರೆ ಹೊಸ ಸಿನಿಮಾ ಬರುವ ದಿನ. ನಾವು ಹಳೇದನ್ನು ನೋಡಲು ಹೊರಟೆವು.

ಗಿರಗಾಂವ್‌ನಲ್ಲಿ ಮೆಜೆಸ್ಟಿಕ್ ಟಾಕೀಸ್ ಇತ್ತು. 1931ರ ಮಾರ್ಚ್ 14ರಂದು ಭಾರತದ ಮೊದಲ ಮಾತನಾಡುವ ಚಿತ್ರ 'ಆಲಂ ಆರಾ' ಅಲ್ಲಿ ಬಿಡುಗಡೆಯಾಯಿತು. ನೂಕುನುಗ್ಗಲು ತಡೆಯಲು ಪೊಲೀಸರು ಬರಬೇಕಾಯಿತು. ಈಗ ಅಲ್ಲಿ ಮೆಜೆಸ್ಟಿಕ್ ಶಾಪಿಂಗ್ ಸೆಂಟರ್. ಹೆಸರು ಮಾತ್ರ ಉಳಿದಿದೆ. ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ.

ಅಲ್ಲಿಂದ ನಾನಾ ಚೌಕದ ಕಡೆ, ಕೆನಡಿ ಸೇತುವೆಯ ಹತ್ತಿರ ಹೋದೆವು. ಅರ್ದೇಶಿರ್ ಇರಾನಿ ಆ ಚಿತ್ರ ತೆಗೆದ ಸ್ಟುಡಿಯೋ ರೈಲು ಹಳಿಯ ಪಕ್ಕದಲ್ಲೇ ಇತ್ತು. ಹಗಲು ರೈಲಿನ ಸದ್ದು. ಧ್ವನಿಮುದ್ರಣವನ್ನು ಆಮೇಲೆ ಮಾಡುವ ಅನುಕೂಲ ಇರಲಿಲ್ಲ, ನಟರು ಮಾತಾಡುವಾಗಲೇ ಹಿಡಿಯಬೇಕು. ಹಾಗಾಗಿ ರೈಲುಗಳು ನಿಲ್ಲುವ ನಡುರಾತ್ರಿಗೆ ಕಾದು, ಬೆಳಗಿನ ಜಾವದವರೆಗೆ ಶೂಟಿಂಗ್ ಮಾಡಿದರು. ಮೈಕನ್ನು ನಟರ ಹತ್ತಿರ ಎಲ್ಲಾದರೂ ಮುಚ್ಚಿಡುತ್ತಿದ್ದರು. ಸೇತುವೆಯ ಮೇಲೆ ನಿಂತು ಕೇಳಿದೆ. ನಾನು ನಿಂತಷ್ಟು ಹೊತ್ತೂ ಕೆಳಗೆ ರೈಲು ಹೋಗುತ್ತಲೇ ಇತ್ತು. ಮುಂಬಯಿ ಸಿನಿಮಾಕ್ಕೆ ಬಿಟ್ಟುಕೊಟ್ಟದ್ದು ಆ ಕೆಲವು ಗಂಟೆಗಳನ್ನು ಮಾತ್ರ. ಅಷ್ಟರಲ್ಲೇ ಒಂದು ದೇಶಕ್ಕೆ ಮಾತು ಬಂತು.

ಮಧ್ಯಾಹ್ನಕ್ಕೆ ಮುಂಚೆ ಮುಂಬಯಿ ಸೆಂಟ್ರಲ್ ಎದುರಿನ ಮರಾಠಾ ಮಂದಿರ್ ತಲುಪಬೇಕಿತ್ತು. 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ' 1995ರ ಅಕ್ಟೋಬರಿನಲ್ಲಿ ಬಿಡುಗಡೆಯಾದದ್ದು. ಇಲ್ಲಿ ಅದು ಸಾವಿರ ವಾರ ದಾಟಿದ್ದೇ 2014ರಲ್ಲಿ. ಕೊರೋನಾ ಕಾಲದಲ್ಲಿ ನಿಂತು ಮತ್ತೆ ಶುರುವಾಯಿತು. ಪಕ್ಕದಲ್ಲಿ ರೈಲು ನಿಲ್ದಾಣ, ಬಸ್ ಡಿಪೋ. ರೈಲಿಗೆ ಇನ್ನೂ ಹೊತ್ತಿದೆ ಅನ್ನುವವರು ಚೀಲ ಹಿಡಿದುಕೊಂಡೇ ಒಳಗೆ ಬರುತ್ತಾರೆ. ಕೆಲವರು ಮಲಗಿದರು. ಉಳಿದವರು ಪ್ರತಿ ಮಾತಿಗೂ ಮುಂಚೆ ತಾವೇ ಆ ಮಾತು ಹೇಳಿದರು. ಚಿಕ್ಕಪ್ಪ ಕೊನೆಯ ರೈಲಿನ ದೃಶ್ಯಕ್ಕೆ ಸೀಟಿನ ತುದಿಗೆ ಬಂದಿದ್ದರು.

ನನಗೆ ಹೊಳೆದದ್ದು ಇಷ್ಟು: ಮುಂಬಯಿಯಲ್ಲಿ ಇಷ್ಟು ವರ್ಷ ಓಡಿದ ಈ ಚಿತ್ರದ ಕಥೆ ನಡೆಯುವುದು ಲಂಡನ್, ಯುರೋಪು, ಪಂಜಾಬಿನಲ್ಲಿ. ಅದರಲ್ಲಿ ಮುಂಬಯಿ ಇಲ್ಲ. 50ರ ದಶಕದಲ್ಲಿ ಊರಿನ ಬಡವರ ಕಥೆಯನ್ನು ಊರಿನ ಬಡವರಿಗೆ ತೋರಿಸುತ್ತಿದ್ದ ಉದ್ಯಮ, 90ರ ದಶಕದಲ್ಲಿ ಕ್ಯಾಮೆರಾವನ್ನು ಬೇರೆ ಕಡೆ ತಿರುಗಿಸಿತು. ನಡುವೆ ಏನಾಯಿತು ಅನ್ನುವುದಕ್ಕೆ ಇಲ್ಲಿಂದ ಸ್ವಲ್ಪ ಉತ್ತರ-ಪೂರ್ವಕ್ಕೆ, ಬಟ್ಟೆ ಗಿರಣಿಗಳಿದ್ದ ಪರೇಲ್, ಲಾಲ್‌ಬಾಗ್ ಕಡೆ ನೋಡಬೇಕು. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಗಿರಣಿಗಳು ಮತ್ತೆ ಚೇತರಿಸಲಿಲ್ಲ. ಪಾಳಿ ಮುಗಿಸಿ ಟಾಕೀಸಿನ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಜನ ಚದುರಿಹೋದರು. 1975ರ 'ದೀವಾರ್'ನಲ್ಲಿ ಬಂದರಿನ ಕೂಲಿಯಾಗಿ ಅಮಿತಾಭ್ ಬಚ್ಚನ್ ಸಿಟ್ಟಾದಾಗ ಚಪ್ಪಾಳೆ ಹೊಡೆದವರು ಇವರೇ. ಲೋಯರ್ ಪರೇಲಿನ ಫೀನಿಕ್ಸ್ ಗಿರಣಿ ಈಗ ಮಾಲ್, ಒಳಗೆ ಮಲ್ಟಿಪ್ಲೆಕ್ಸ್. ಚಿಮಣಿ ಉಳಿಸಿಕೊಂಡಿದ್ದಾರೆ. ಮುಂದಿನ ಸಾಲಿನವರಿಗೆ ಅಲ್ಲಿನ ಟಿಕೆಟ್ ಎಟುಕುವುದಿಲ್ಲ.

ಸಂಜೆ ಲಿಬರ್ಟಿ ಟಾಕೀಸನ್ನು ಹೊರಗಿನಿಂದ ನೋಡಿದೆವು. 1949ರದು. ರೀಗಲ್, ಮೆಟ್ರೋ ಟಾಕೀಸುಗಳಲ್ಲಿ ಹಾಲಿವುಡ್ ಚಿತ್ರ ನಡೆಯುತ್ತಿದ್ದಾಗ, ಹಿಂದಿ ಚಿತ್ರಕ್ಕೂ ಅಂಥದೇ ಭವ್ಯ ಮನೆ ಬೇಕು ಅಂತ ಕಟ್ಟಿದ್ದು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಆ ಹೆಸರಿಟ್ಟರು.

ಶನಿವಾರ

ಇವತ್ತು ಉತ್ತರಕ್ಕೆ. ಮೊದಲು ಮಲಾಡ್.

1934ರಲ್ಲಿ ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ ಬಾಂಬೆ ಟಾಕೀಸ್ ಸ್ಟುಡಿಯೋವನ್ನು ಮಲಾಡಿನಲ್ಲಿ ಶುರುಮಾಡಿದರು. ಜರ್ಮನಿಯಿಂದ ತಂತ್ರಜ್ಞರನ್ನು ಕರೆಸಿದರು. ಅಶೋಕ್ ಕುಮಾರ್ ಇಲ್ಲಿ ಲ್ಯಾಬಿನಲ್ಲಿ ಕೆಲಸಕ್ಕಿದ್ದವರು, ನಾಯಕರಾದರು. ದಿಲೀಪ್ ಕುಮಾರ್ ಮೊದಲು ಕ್ಯಾಮೆರಾ ಎದುರು ನಿಂತದ್ದೂ ಇದೇ ಸಂಸ್ಥೆಯ ಚಿತ್ರದಲ್ಲಿ. ಆ ಜಾಗ ಈಗ ಸಣ್ಣ ಸಣ್ಣ ವರ್ಕ್‌ಶಾಪುಗಳ ಸಂದಿ. ಹೆಸರು ಬಾಂಬೆ ಟಾಕೀಸ್ ಕಾಂಪೌಂಡ್ ಅಂತಲೇ ಇದೆ.

ಗುರುವಾರ ಹೇಳಿದ್ದು ಇಲ್ಲಿಗೆ ಬರುತ್ತದೆ. ಮುಂಬಯಿ ನಗರದ ಗಡಿ 1950ರಲ್ಲಿ ಒಮ್ಮೆ ಉತ್ತರಕ್ಕೆ ಸರಿಯಿತು. 1957ರಲ್ಲಿ ಇನ್ನೊಮ್ಮೆ ಸರಿದು ದಹಿಸರ್, ಮುಲುಂಡ್‌ವರೆಗೆ ಬಂತು. ಮಲಾಡ್ ನಗರಕ್ಕೆ ಸೇರಿದ್ದು ಆ ಎರಡನೇ ಸಲ. ಅಂದರೆ ಸಿನಿಮಾ ಇಲ್ಲಿಗೆ ಬಂದು ಎರಡು ದಶಕ ಕಳೆದ ಮೇಲೆ ನಗರ ಬಂತು. ಗೋರೆಗಾಂವ್‌ನ ಫಿಲ್ಮಿಸ್ತಾನ್ 1943ರದು, ಅದೂ ಗಡಿಗಿಂತ ಮುಂಚೆ. ಚೆಂಬೂರಿನ ಆರ್.ಕೆ. ಸ್ಟುಡಿಯೋ, ರಾಜ್ ಕಪೂರ್ ಅವರದು, 1948ರದು, ಅದೂ ಹಾಗೆಯೇ. ಫಾಲ್ಕೆಯ ದಾದರ್ ಕೂಡ ಊರಿನ ಅಂಚೇ ಆಗಿತ್ತು. ಸ್ಟುಡಿಯೋಗೆ ಅಗ್ಗದ ದೊಡ್ಡ ಜಾಗ ಬೇಕು, ಸದ್ದು ಇರಬಾರದು, ಮರಗಿಡ ಬೇಕು. ಅದೆಲ್ಲ ಸಿಗುವುದು ಅಂಚಿನಲ್ಲಿ. ಸ್ಟುಡಿಯೋ ಹಿಂದೆ ಬಡಗಿ, ದರ್ಜಿ, ಲೈಟಿನವರು, ಸಂಗೀತಗಾರರು, ಚಹಾದವರು ಬರುತ್ತಾರೆ. ಮನೆ ಬೇಕಾಗುತ್ತದೆ. ರಸ್ತೆ ಬರುತ್ತದೆ. ಸಿನಿಮಾ ಒಂದರಿಂದಲೇ ಈ ಉಪನಗರಗಳು ಬೆಳೆದವು ಅಂತ ನಾನು ಹೇಳುವುದಿಲ್ಲ. ರೈಲು ಎಲ್ಲಕ್ಕಿಂತ ಮುಂಚೆ ಬಂದಿತ್ತು, ವಿಭಜನೆಯಾದಾಗ ಲಕ್ಷಗಟ್ಟಲೆ ನಿರಾಶ್ರಿತರು ಬಂದರು. ಲಾಹೋರಿನ ಸಿನಿಮಾದವರೂ ಆಗ ಬಂದರು. ಆದರೆ ದಾರಿಯಲ್ಲಿ ಮುಂದೆ ನಡೆದವರಲ್ಲಿ ಸಿನಿಮಾ ಇತ್ತು ಅನ್ನುವುದಕ್ಕೆ ಈ ಇಸವಿಗಳೇ ಸಾಕು.

ಗೋರೆಗಾಂವ್ ಪೂರ್ವದ ಫಿಲ್ಮ್ ಸಿಟಿ ಸರ್ಕಾರ 1977ರಲ್ಲಿ ಮಾಡಿದ್ದು. ಸುಮಾರು 520 ಎಕರೆ. ಟಿಕೆಟ್ ಕೊಟ್ಟರೆ ಬಸ್ಸಿನಲ್ಲಿ ಸುತ್ತಿಸುತ್ತಾರೆ. ಹಳ್ಳಿ, ಕೋರ್ಟು, ದೇವಸ್ಥಾನ, ಚಾಳು (ಸಾಲು ಕೋಣೆಗಳ ಹಳೇ ವಸತಿ ಕಟ್ಟಡ), ಎಲ್ಲ ಕಟ್ಟಿದ್ದು. ಪಕ್ಕದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಿಂದ ಚಿರತೆಗಳು ಒಮ್ಮೊಮ್ಮೆ ಸೆಟ್ಟಿಗೇ ಬರುವುದುಂಟು. ಒಂದು ಚಾಳಿನ ಸೆಟ್ ನೋಡಿ ಚಿಕ್ಕಪ್ಪ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಇಷ್ಟು ಅಗಲದ ಚಾಳು ನಾನೆಲ್ಲೂ ಕಂಡಿಲ್ಲ," ಅಂದರು. ಕ್ಯಾಮೆರಾ ಓಡಾಡಲು ಜಾಗ ಬೇಕಲ್ವಾ! ಗಿರಗಾಂವ್‌ನ ನಿಜವಾದ ಚಾಳುಗಳು ಒಂದೊಂದಾಗಿ ಗೋಪುರಗಳಾಗುತ್ತಿವೆ. ಮುಂದಿನ ಪೀಳಿಗೆಗೆ ಚಾಳು ಅಂದರೆ ಈ ಅಗಲದ್ದೇ ಆಗಬಹುದು.

ಊಟ ಮುಗಿಸಿ ಅಂಧೇರಿ ಪಶ್ಚಿಮಕ್ಕೆ. ಲೋಖಂಡವಾಲಾ, ಯಾರಿ ರೋಡ್, ವರ್ಸೋವಾ. ಜೌಗು ನೆಲದ ಮೇಲೆ ಎದ್ದ ಬಡಾವಣೆಗಳಲ್ಲಿ ಈಗ ಸಿನಿಮಾ, ಧಾರಾವಾಹಿಗಳ ಜನವೇ ಜಾಸ್ತಿ. 2014ರಲ್ಲಿ ಮುಂಬಯಿಯ ಮೊದಲ ಮೆಟ್ರೋ ಶುರುವಾದದ್ದೂ ವರ್ಸೋವಾದಿಂದ ಘಾಟ್ಕೋಪರ್‌ಗೆ. ವರ್ಸೋವಾದ ಆರಾಮ್ ನಗರದಲ್ಲಿ ಹಳೇ ಬ್ಯಾರಕ್ ಥರದ ಮನೆಗಳ ತುಂಬ ನಟರನ್ನು ಆರಿಸುವ ಕಾಸ್ಟಿಂಗ್ ಆಫೀಸುಗಳು. ಬಾಗಿಲ ಹೊರಗೆ ಸಾಲು. ಎಲ್ಲರೂ ತುಟಿ ಅಲ್ಲಾಡಿಸುತ್ತ ಸಂಭಾಷಣೆ ಬಾಯಿಪಾಠ ಮಾಡುತ್ತಿದ್ದರು.

ನಮ್ಮ ಕನ್ನಡ ಕೇಳಿ ಒಬ್ಬ ಹುಡುಗ ತಿರುಗಿದ. ವಿಜಯಪುರದವನು. "ಅಕ್ಕಾ, ನೀವೂ ಆಡಿಷನ್‌ಗೆ ಬಂದೀರೇನ್ರಿ?" ಅಂದ. ಅಲ್ಲಪ್ಪ, ಸುಮ್ನೆ ನೋಡೋಕೆ ಅಂದೆ. ಎಲ್ಲಿರುತ್ತೀ ಅಂತ ಚಿಕ್ಕಪ್ಪ ಕೇಳಿದರು.

"ನಾಲಾಸೋಪಾರಾದಾಗ ಅದೀನ್ರಿ ಕಾಕಾ. ಒಂದ್ ರೂಮಿಗೆ ನಾಕ್ ಮಂದಿ. ಇಲ್ಲಿ ಬಾಡಿಗಿ ಕೇಳಿದ್ರ ಎದಿ ಒಡೀತದ."

ಕೆಲಸ ಸಿಕ್ಕಿದೆಯಾ? ಜಾಹೀರಾತಿನಲ್ಲಿ ಗುಂಪಿನ ನಡುವೆ ನಿಂತಿದ್ದಾನಂತೆ. ಊರಿನಲ್ಲಿ ಎಲ್ಲರೂ ಫೋನಿನಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿದ್ದಾರಂತೆ. ಚಿಕ್ಕಪ್ಪ ಜೇಬಿನಿಂದ ಚೀಟಿ ತೆಗೆದು ತಮ್ಮ ಫೋನ್ ನಂಬರ್ ಬರೆದುಕೊಟ್ಟರು. "ಊಟಕ್ಕೆ ತೊಂದರೆ ಆದರೆ ಡೊಂಬಿವಲಿಗೆ ಬಾ," ಅಂದರು. ಅವನ ಹೆಸರು ಕರೆದರು, ಓಡಿದ.

ನಾಲಾಸೋಪಾರಾ ಮುಂಬಯಿಯ ಗಡಿಯ ಹೊರಗಿದೆ. ಲೈಟಿನವರು, ಸ್ಪಾಟ್‌ಬಾಯ್‌ಗಳು, ಜೂನಿಯರ್ ಆರ್ಟಿಸ್ಟ್‌ಗಳು ಬಹಳಷ್ಟು ಮಂದಿ ವಿರಾರ್, ನಾಲಾಸೋಪಾರಾ ಕಡೆಯಿಂದಲೇ ಬರುತ್ತಾರೆ. ಆಗ ಸಿನಿಮಾ ಗಡಿಯ ಹೊರಗೆ ಹೋಗಿ ಊರನ್ನು ಕರೆಯಿತು. ಈಗ ಊರು ಸಿನಿಮಾದ ಕೆಲಸಗಾರರನ್ನು ಗಡಿಯ ಹೊರಗೆ ಕಳಿಸಿದೆ.

ಭಾನುವಾರ

ಬೆಳಿಗ್ಗೆ ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡ್. ಶಾರುಖ್ ಖಾನ್ ಬಂಗಲೆಯ ಗೇಟಿನ ಎದುರು ಜನವೋ ಜನ. ದೂರದ ಊರುಗಳಿಂದ ಬಂದವರು ಗೇಟಿನ ಹೆಸರಿನ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ. ಹಿಂದೆ ಸಮುದ್ರ ಇದೆ, ಅದಕ್ಕೆ ಬೆನ್ನು ಹಾಕಿ ನಿಲ್ಲುತ್ತಾರೆ.

ಅಲ್ಲಿಂದ ಧಾರಾವಿ ಹತ್ತಿರ. ಚಿಕ್ಕಪ್ಪನ ಹಳೇ ಗೆಳೆಯರೊಬ್ಬರಿಗೆ ಅಲ್ಲಿ ಚರ್ಮದ ಬ್ಯಾಗಿನ ಕೆಲಸ. ಒಳಗೆ ಹೋದರೆ ಎಲ್ಲೆಲ್ಲೂ ಕೆಲಸ. ಚರ್ಮ ಕತ್ತರಿಸುವವರು, ಪ್ಲಾಸ್ಟಿಕ್ ಬೇರ್ಪಡಿಸುವವರು, ಕುಂಭಾರವಾಡಾದಲ್ಲಿ ಮಡಕೆ ಸುಡುವವರು. 2008ರ 'ಸ್ಲಮ್‌ಡಾಗ್ ಮಿಲಿಯನೇರ್' ಎಂಟು ಆಸ್ಕರ್ ಗೆದ್ದ ಮೇಲೆ ಧಾರಾವಿ ಅಂದರೆ ಜಗತ್ತಿಗೆಲ್ಲ ಕೊಳಚೆ ಮಾತ್ರ ಆಯಿತು. ವಿದೇಶಿ ಪ್ರವಾಸಿಗರೂ ಜಾಸ್ತಿಯಾದರು. ಕೊಳಚೆ ಇಲ್ಲ ಅಂತಲ್ಲ, ಇದೆ. ಆದರೆ ತೆರೆಯ ಮೇಲೆ ದುಡಿಮೆ ಕಾಣದೆ ಬಡತನ ಮಾತ್ರ ಕಂಡರೆ, ಒಡೆದು ಹೊಸದಾಗಿ ಕಟ್ಟೋಣ ಅನ್ನುವ ಮಾತಿಗೆ ಯಾರೂ ಎದುರು ಹೇಳುವುದಿಲ್ಲ. ಇಲ್ಲಿ ಮನೆ ಮತ್ತು ಕಾರ್ಖಾನೆ ಒಂದೇ ಗೋಡೆಯ ಎರಡು ಬದಿ. ಮೇಲಿನ ಅಂತಸ್ತಿನಲ್ಲಿ ಫ್ಲಾಟ್ ಕೊಟ್ಟರೆ ಮಡಕೆಯ ಭಟ್ಟಿ ಎಲ್ಲಿ ಇಡುವುದು? ಇದನ್ನು ತೋರಿಸುವ ಸಿನಿಮಾ ಬೇಕು, ಬಹಳ ಬೇಕು.

ಕೊನೆಗೆ ಚೆಂಬೂರು. ಆರ್.ಕೆ. ಸ್ಟುಡಿಯೋ ಇದ್ದ ಜಾಗ. 2017ರ ಸೆಪ್ಟೆಂಬರಿನಲ್ಲಿ ಬೆಂಕಿ ಬಿತ್ತು. ಹಳೇ ಚಿತ್ರಗಳ ಉಡುಪು, ಆಭರಣ, ಸಾಮಾನು ಸುಟ್ಟುಹೋಯಿತು. ಶೂಟಿಂಗ್ ಎಲ್ಲ ಅಂಧೇರಿ, ಗೋರೆಗಾಂವ್ ಕಡೆ ಹೋಗಿತ್ತು, ಮತ್ತೆ ಕಟ್ಟಿದರೂ ಗಿಟ್ಟುವುದಿಲ್ಲ ಅಂತ ಕಪೂರ್ ಕುಟುಂಬ ಮಾರಲು ನಿರ್ಧರಿಸಿತು. 2019ರಲ್ಲಿ ಸುಮಾರು 2.2 ಎಕರೆ ಕಟ್ಟಡ ಕಂಪನಿಯೊಂದಕ್ಕೆ ಹೋಯಿತು. ಈಗ ವಸತಿ ಗೋಪುರ.

ಗೇಟಿನ ಎದುರಿನ ಫುಟ್‌ಪಾತಿನಲ್ಲಿ ನಾನೂ ಚಿಕ್ಕಪ್ಪನೂ ವಾದಕ್ಕೆ ಇಳಿದೆವು. ಸರ್ಕಾರ ಇದನ್ನು ಕೊಂಡು ಉಳಿಸಬೇಕಿತ್ತು ಅಂದೆ.

"ಯಾರ ದುಡ್ಡಿನಲ್ಲಿ? ಆ ದುಡ್ಡಿನಲ್ಲಿ ನಾಲಾಸೋಪಾರಾಕ್ಕೆ ಇನ್ನೆರಡು ಲೋಕಲ್ ಬಿಡಲಿ. ಆ ವಿಜಯಪುರದ ಹುಡುಗ ಕೂತುಕೊಂಡು ಬರಲಿ," ಅಂದರು ಚಿಕ್ಕಪ್ಪ.

"ಎರಡೂ ಬೇಕು ಚಿಕ್ಕಪ್ಪ. ನೀವು ಈ ಊರಿಗೆ ಬಂದದ್ದು ಇಲ್ಲಿ ತೆಗೆದ ಸಿನಿಮಾ ನೋಡಿಯೇ ಅಲ್ವಾ?"

"ಬಂದದ್ದು ಹೌದು. ಉಳಿದದ್ದು ಕೂಲಿ ಸಿಕ್ಕಿದ್ದಕ್ಕೆ. ಅದನ್ನೂ ಬರಿ."

ಬರೆದಿದ್ದೇನೆ. ಆದರೂ ನನ್ನ ಮಾತನ್ನು ನಾನು ಬಿಟ್ಟಿಲ್ಲ. ಚೆಂಬೂರು ಸ್ಟೇಷನ್ನಿನವರೆಗೂ ವಾದ ನಡೆಯಿತು, ಕುರ್ಲಾದಲ್ಲಿ ಗಾಡಿ ಬದಲಿಸುವಾಗಲೂ ನಡೆಯುತ್ತಿತ್ತು.